ಆಲಪ್ಪುಳಕ್ಕೆ ಆರು ಜನ: ಹೌಸ್‌ಬೋಟ್ ಬೇಕಾ, ಬೇಡವಾ?

ಗೋಣಿಕೊಪ್ಪದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಕೊನೆಯ ವರ್ಷ. ಪುತ್ತರಿ ಹಬ್ಬ ಕಳೆದು, ಪರೀಕ್ಷೆಯೂ ಮುಗಿದ ಮೇಲೆ ಆರು ಜನ ಗೆಳತಿಯರು ಕೇರಳದ ಆಲಪ್ಪುಳಕ್ಕೆ ಹೋಗಬೇಕು ಅಂತಿದ್ದೇವೆ. ಮನೆಯಲ್ಲಿ ಹೂಂ ಅಂದಿದ್ದಾರೆ. ಆದರೆ ಕತ್ತಲಾದ ಮೇಲೆ ಎಲ್ಲೂ ಸುತ್ತಬಾರದು ಅಂತ ಅಪ್ಪನ ಷರತ್ತು. ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ನಮ್ಮಲ್ಲಿ ಇಬ್ಬರು ಹೌಸ್‌ಬೋಟಿನಲ್ಲಿ ರಾತ್ರಿ ಉಳಿಯಲೇಬೇಕು ಅಂತ ಹಟ ಹಿಡಿದು ಕೂತಿದ್ದಾರೆ, ರೀಲ್ಸ್ ನೋಡಿ ನೋಡಿ. ನನಗೆ ಊರೂ ನೋಡಬೇಕು. ಕಾಲುವೆಗಳ ಊರು, ಹಳೇ ಬಂದರು ಅಂತೆಲ್ಲ ಓದಿದ್ದೇನೆ. ಯಾವ ರೈಲು ಹಿಡಿಯಬೇಕು? ಏನು ನೋಡಬೇಕು? ಹೌಸ್‌ಬೋಟಿಗೆ ಅಷ್ಟು ದುಡ್ಡು ಸುರಿಯಬಹುದಾ?

ಅಮ್ಮತ್ತಿ ಅಣ್ಣ:
ತಂಗಿ, ಮೊದಲು ರೈಲು. ನಮ್ಮ ಕೊಡಗು ಜಿಲ್ಲೆಗೆ ಆ ಭಾಗ್ಯ ಇಲ್ಲ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ಮೇಲೆ ಕಣ್ಣೂರಿಗೋ ತಲಶ್ಶೇರಿಗೋ ಹೋಗಬೇಕು. ಅಲ್ಲಿಂದ ತಿರುವನಂತಪುರದ ಕಡೆ ಹೋಗುವ ಎಲ್ಲ ರೈಲೂ ಆಲಪ್ಪುಳಕ್ಕೆ ಹೋಗುವುದಿಲ್ಲ. ಎರ್ನಾಕುಳಂನಲ್ಲಿ ದಾರಿ ಎರಡಾಗುತ್ತದೆ. ಒಂದು ಕೊಟ್ಟಾಯಂ ಮೇಲೆ, ಇನ್ನೊಂದು ಕಡಲ ಪಕ್ಕ ಆಲಪ್ಪುಳ ಮೇಲೆ. ಏರನಾಡ್, ನೇತ್ರಾವತಿ, ಮಾವೇಲಿ ಇವೆಲ್ಲ ಆಲಪ್ಪುಳದ ದಾರಿಯವು. ಮಾವೇಲಿ ಅಪರಾತ್ರಿಯಲ್ಲಿ ಇಳಿಸುತ್ತದೆ, ನಿಮ್ಮಪ್ಪ ಒಪ್ಪಲ್ಲ. ಹಗಲಿನ ಏರನಾಡ್ ಹಿಡಿಯಿರಿ. ಅದಕ್ಕೆ ಮನೆಯನ್ನು ಕತ್ತಲಲ್ಲೇ ಬಿಡಬೇಕು, ಅಷ್ಟೆ.

ಇನ್ನು ಹೌಸ್‌ಬೋಟ್. ನಾನು ಓದುವಾಗ ಹಾಸ್ಟೆಲ್ ಗೆಳೆಯರ ಜೊತೆ ಹೋಗಿ ಅದರಲ್ಲೇ ಉಳಿದಿದ್ದೆ. ನನ್ನನ್ನು ಕೇಳಿದರೆ ಬೇಡ. ಮಧ್ಯಾಹ್ನ ಹೊರಡುತ್ತದೆ. ಸಂಜೆ ಐದೂವರೆ ಸುಮಾರಿಗೆ ದಡಕ್ಕೆ ಕಟ್ಟಿಬಿಡುತ್ತಾರೆ, ಆಮೇಲೆ ಮೀನಿಗೆ ಬಲೆ ಹಾಕುವವರ ಹೊತ್ತು. ಬೆಳಗ್ಗೆ ಇನ್ನೊಂಚೂರು ಓಡಿಸಿ, ತಿಂಡಿ ಕೊಟ್ಟು ಇಳಿಸುತ್ತಾರೆ. ಅಕ್ಕಪಕ್ಕ ಸಾಲಾಗಿ ಬೋಟು, ಒಂದೊಂದರಲ್ಲೂ ಒಂದೊಂದು ಹಾಡು, ಜೊತೆಗೆ ಜನರೇಟರ್. ಎಸಿ ರೂಮಿನಲ್ಲಿ ಮಲಗೋಕೆ ಅಲ್ಲಿ ತನಕ ಹೋಗಬೇಕಾ? ದೋಣಿಯನ್ನು ಮಾತ್ರ ಜೆಟ್ಟಿಯಲ್ಲಿ ನಿಂತು ಹತ್ತಿರದಿಂದ ನೋಡಿ. ಹಿಂದೆ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳ ಅದು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲೇ ಹೊಲಿದು ಕಟ್ಟುವುದು ಹಳೇ ಕ್ರಮ. ಮರ ನಮ್ಮ ಹೆಬ್ಬಲಸೇ, ಅವರು ಆಂಞಿಲಿ ಅನ್ನುತ್ತಾರೆ.

ನೀವು ಸರ್ಕಾರಿ ಬೋಟ್ ಹತ್ತಿ. ಬಸ್ ಸ್ಟ್ಯಾಂಡಿನ ಹತ್ತಿರವೇ ಜೆಟ್ಟಿ. ರಾಜ್ಯ ಜಲಸಾರಿಗೆ ಇಲಾಖೆಯ ಬೋಟು, ನಮ್ಮ ಲೈನ್ ಬಸ್ ಥರ. ನೆಡುಮುಡಿ, ಕಾವಾಲಂ ಕಡೆಗೆಲ್ಲ ಹೋಗುತ್ತದೆ. ಕೊಟ್ಟಾಯಂ ತನಕ ಹೋದರೆ ಎರಡೂವರೆ ಗಂಟೆ ಹಿಡಿಯುತ್ತದೆ, ಟಿಕೆಟ್ ಒಂದು ಸಿನಿಮಾ ಪಾಪ್‌ಕಾರ್ನಿಗಿಂತ ಕಮ್ಮಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಅಕ್ಕಿ ಮೂಟೆ ಎಲ್ಲ ಅದರಲ್ಲೇ. ಮುಂದುಗಡೆ ಕೂರಿ. ಚಕ್ರ ಹಿಡಿದವರನ್ನು ಸ್ರಾಂಕ್ ಅನ್ನುತ್ತಾರೆ. ಅವರ ತಲೆಯ ಹತ್ತಿರ ಒಂದು ಹಗ್ಗ ಇಳಿಬಿದ್ದಿರುತ್ತದೆ. ಅದನ್ನು ಎಳೆದರೆ ಎಂಜಿನ್ ಹತ್ತಿರ ಗಂಟೆ ಹೊಡೆಯುತ್ತದೆ, ಅಲ್ಲಿ ಕೂತ ಡ್ರೈವರ್ ಆ ಲೆಕ್ಕದಲ್ಲಿ ನಿಧಾನ ಮಾಡುತ್ತಾರೆ, ಹಿಂದಕ್ಕೆ ತೆಗೆಯುತ್ತಾರೆ. ಇಬ್ಬರಿಗೂ ಮಾತೇ ಬೇಕಿಲ್ಲ. ನಾನಂತೂ ನೀರು ನೋಡಿದ್ದಕ್ಕಿಂತ ಆ ಗಂಟೆ ಕೇಳುತ್ತಾ ಕೂತಿದ್ದೇ ಜಾಸ್ತಿ.

ಆಮೇಲೆ ಗದ್ದೆ. ನಿಮ್ಮ ಮನೆಯಲ್ಲೂ ಗದ್ದೆ ಇರಬಹುದು ಅಲ್ವಾ? ನಮ್ಮಲ್ಲಿ ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ನೀರು ತಾನಾಗಿ ಇಳಿಯುತ್ತದೆ. ಈ ಬೋಟು ಹೋಗುವ ಕುಟ್ಟನಾಡಿನಲ್ಲಿ ಎಲ್ಲ ತಿರುಗಾಮುರುಗಾ. ಕಾಲುವೆಯ ನೀರು ಮೇಲೆ, ಗದ್ದೆ ಕೆಳಗೆ! ಬೋಟಿನಿಂದ ಬಗ್ಗಿ ನೋಡಿದರೆ ಏರಿಯ ಆಚೆ ಪೈರು ತಗ್ಗಿನಲ್ಲಿರುತ್ತದೆ, ಸಮುದ್ರ ಮಟ್ಟಕ್ಕಿಂತ ಎರಡು ಮೀಟರಿನಷ್ಟು ಕೆಳಗೆ. ಕಾಯಲಿನಲ್ಲಿ, ಅಂದರೆ ಹಿನ್ನೀರಿನಲ್ಲಿ, ಏರಿ ಕಟ್ಟಿ, ಒಳಗಿನ ನೀರು ಎತ್ತಿ ಹೊರಗೆ ಹಾಕಿ, ಆ ಕೆಸರಿನಲ್ಲಿ ಬಿತ್ತುತ್ತಾರೆ. ಪಂಪು ನಿಂತರೆ ಗದ್ದೆ ಮತ್ತೆ ಕೆರೆ. ಏರಿಯ ಮೇಲೆ ಅಲ್ಲಲ್ಲಿ ಶೆಡ್ಡು, ಮರದ ಪೆಟ್ಟಿಗೆ ಥರದ ದೊಡ್ಡ ಕೊಳವೆಯಿಂದ ದಬದಬ ನೀರು ಬೀಳುತ್ತಿರುತ್ತದೆ. ಪೆಟ್ಟಿಯುಂ ಪರಯುಂ ಅಂತ ಅದರ ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಪಾರಂಪರಿಕ ಕೃಷಿ ಪದ್ಧತಿ ಅಂತ ಗುರುತಿಸಿದೆ. ನಾವು ಪುತ್ತರಿಗೆ ಕದಿರು ತೆಗೆಯುವ ಹೊತ್ತಿಗೆ ಅಲ್ಲಿ ಪೈರು ಇನ್ನೂ ಎಳೆಯದು. ನೀವು ಹೋಗುವಾಗ ಹಸಿರೋ ಹಸಿರು.

ಊರಿನ ಕಾಲುವೆ ಬಗ್ಗೆ ಒಂದು ಮಾತು. ಪೂರ್ವದ ವೆನಿಸ್ ಅಂತ ಬೋರ್ಡಿನಲ್ಲಿ ಬರೆದದ್ದನ್ನು ನಂಬಿ ಹೋದರೆ ಸಪ್ಪೆ ಅನ್ನಿಸುತ್ತದೆ. ವಾಡೆ ಕಾಲುವೆ, ಕಮರ್ಷಿಯಲ್ ಕಾಲುವೆ ಅಂತ ಎರಡು, ಒಂದರ ಪಕ್ಕ ಒಂದು. ನೀರಿನ ಮೇಲೆ ಕಳೆ, ಅದರ ಮಧ್ಯೆ ಪ್ಲಾಸ್ಟಿಕ್ಕು. ಆದರೂ ಬೆಳಗ್ಗೆ ಬೇಗ ಎದ್ದು ದಂಡೆಯಲ್ಲಿ ನಡೆಯಿರಿ. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಹದಿನೆಂಟನೇ ಶತಮಾನದಲ್ಲಿ ಬಂದರು ಬೆಳೆಸಿದ. ವೇಂಬನಾಡ್ ಕಾಯಲಿನಿಂದ ಸರಕು ಕಡಲ ಕಡೆಗೆ ಬರಲಿ ಅಂತಲೇ ಈ ಕಾಲುವೆ ತೋಡಿಸಿದ್ದು. ಮೆಣಸು, ತೆಂಗಿನ ನಾರು ಎಲ್ಲ ಇದರಲ್ಲೇ ಹೋದವು. 1859ರಲ್ಲಿ ಜೇಮ್ಸ್ ಡಾರಾ ಎನ್ನುವವನು ಇಲ್ಲಿ ನಾರಿನ ಕಾರ್ಖಾನೆ ತೆರೆದ. ಆಮೇಲೆ ಕೊಚ್ಚಿ ಬಂದರು ದೊಡ್ಡದಾಯಿತು, ಹಡಗೆಲ್ಲ ಅತ್ತ ಹೋದವು. ಬೀಚಿನಲ್ಲಿ ಹಳೇ ಕಡಲ ಸೇತುವೆಯ ಕಂಬಗಳಷ್ಟೇ ಉಳಿದಿವೆ. ಪಕ್ಕದ ಲೈಟ್‌ಹೌಸ್ 1862ರದ್ದು, ಮೊದಮೊದಲು ತೆಂಗಿನೆಣ್ಣೆ ದೀಪ ಹಚ್ಚುತ್ತಿದ್ದರಂತೆ.

ಬಾಳೆಲೆ ಅಕ್ಕ:
ಅಮ್ಮತ್ತಿಯವರು ಹುಡುಗರ ಲೆಕ್ಕ ಹೇಳುತ್ತಿದ್ದಾರೆ. ಆರು ಹುಡುಗಿಯರು ಗೊತ್ತಿಲ್ಲದ ಊರಿನಲ್ಲಿ ಲಾಡ್ಜು ಹುಡುಕುವುದಕ್ಕಿಂತ ಹೌಸ್‌ಬೋಟ್ ಎಷ್ಟೋ ಮೇಲು. ಸಂಜೆ ಐದೂವರೆಗೆ ಕಟ್ಟಿಹಾಕುತ್ತಾರೆ ಅಂತ ದೂರುತ್ತೀರಲ್ಲ, ಇವರಪ್ಪನಿಗೆ ಬೇಕಾದ್ದೂ ಅದೇ! ಊಟವೂ ಅದರಲ್ಲೇ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಕರಿಮೀನು ಬಿಸಿಬಿಸಿಯಾಗಿ ಮುಂದೆ ಬಂದರೆ ಆಮೇಲೆ ಮಾತಾಡಿ.

ಒಂದೇ ಎಚ್ಚರ. ಸ್ಟೇಷನ್ ಹತ್ತಿರ ಹಿಂದೆ ಬೀಳುವವರ ಮಾತು ಕೇಳಬೇಡಿ. ನಮಗೆ ಫೋಟೋದಲ್ಲಿ ತೋರಿಸಿದ ಬೋಟೇ ಬೇರೆ, ಹತ್ತಿಸಿದ್ದೇ ಬೇರೆ. ಬಾಗಿಲಿಗೆ ಚಿಲಕ ಸರಿ ಇರಲಿಲ್ಲ, ನಾವು ಬ್ಯಾಗು ಅಡ್ಡ ಇಟ್ಟು ಮಲಗಿದೆವು. ಜೆಟ್ಟಿಗೆ ಹೋಗಿ, ಬೋಟಿನ ಒಳಗೆ ಕಾಲಿಟ್ಟು, ಚಿಲಕ, ಬಾತ್‌ರೂಮ್, ಲೈಫ್ ಜಾಕೆಟ್ ನೋಡಿ. ಆಮೇಲೆ ದುಡ್ಡು ಕೊಡಿ. ವಾರದ ಮಧ್ಯೆ ಹೋದರೆ ಚೌಕಾಸಿಗೂ ಬಗ್ಗುತ್ತಾರೆ. ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ ಆ ಆಸೆ ಬೇಡ.

ಘಾಟಿ ಡ್ರೈವರ್:
ಇಬ್ಬರ ಮಾತಿಗೂ ನಡುವಿನ ದಾರಿ ಇದೆ. ಜಲಸಾರಿಗೆಯವರದ್ದೇ ಟೂರಿಸ್ಟ್ ಬೋಟ್ ಇದೆ, ಒಂದರ ಹೆಸರು ವೇಗ, ಇನ್ನೊಂದು ಸೀ ಕುಟ್ಟನಾಡ್. ಹಗಲಲ್ಲೇ ಸುತ್ತಿಸಿ ಕರೆತರುತ್ತಾರೆ. ಟಿಕೆಟ್ ಮೊದಲೇ ಮಾಡಿಸಿ.

ವಾಪಸ್ ಬರುವಾಗ ಕತ್ತಲಲ್ಲಿ ಮಾಕುಟ್ಟ ಹತ್ತುವ ಯೋಚನೆ ಬಿಡಿ. ಕಾಡಿನ ದಾರಿ, ತಿರುವು ಜಾಸ್ತಿ, ನೆಟ್‌ವರ್ಕ್ ಇರಲ್ಲ. ರಾತ್ರಿ ಕಣ್ಣೂರಿನಲ್ಲಿ ಇಳಿಯುವುದಾದರೆ ಯಾರಾದರೂ ನೆಂಟರ ಮನೆ ನೋಡಿಕೊಳ್ಳಿ, ಬೆಳಗ್ಗೆ ಬಸ್ ಹಿಡಿಯಿರಿ.

ಗೋಣಿಕೊಪ್ಪದ ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಕ್ಕ, ನಿಮ್ಮ ಚಿಲಕದ ಮಾತು ಓದಿ ಹಟ ಹಿಡಿದಿದ್ದ ಇಬ್ಬರಲ್ಲಿ ಒಬ್ಬಳು ತಣ್ಣಗಾಗಿದ್ದಾಳೆ. ಇನ್ನೊಬ್ಬಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಬ್ಬ ಗೆಳತಿಯ ಚಿಕ್ಕಮ್ಮ ತಲಶ್ಶೇರಿಯಲ್ಲಿದ್ದಾರೆ, ಬರುವಾಗ ಅಲ್ಲೇ ಉಳಿಯುತ್ತೇವೆ. ಅಮ್ಮತ್ತಿ ಅಣ್ಣ, ಕೊಟ್ಟಾಯಂಗೆ ಬೋಟಲ್ಲಿ ಹೋಗಿ ಅಲ್ಲಿಂದಲೇ ರೈಲು ಹತ್ತಿದರೆ ಆಗಲ್ವಾ? ಮತ್ತೆ ಆಲಪ್ಪುಳಕ್ಕೆ ಬರಬೇಕಾ?

ಅಮ್ಮತ್ತಿ ಅಣ್ಣ:
ಆಗುತ್ತದೆ, ಅದೇ ಒಳ್ಳೇದು. ಕೊಟ್ಟಾಯಂ ಜೆಟ್ಟಿಯಿಂದ ಸ್ಟೇಷನ್ನಿಗೆ ಆಟೋ ಸಿಗುತ್ತದೆ. ಆದರೆ ಹಿಂದಿನ ದಿನವೇ ಆಲಪ್ಪುಳ ಜೆಟ್ಟಿಯ ಕೌಂಟರಿನಲ್ಲಿ ಬೋಟ್ ಪೂರ್ತಿ ಹೋಗುತ್ತದಾ ಅಂತ ಕೇಳಿ. ದಾರಿಯಲ್ಲಿ ಸೇತುವೆ ಕೆಲಸ ಇದ್ದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಮಾತು ಬಿಟ್ಟವಳನ್ನು ಒಂದು ಗಂಟೆ ಶಿಕಾರದಲ್ಲಿ (ಚಾವಣಿ ಇರುವ ಪುಟ್ಟ ದೋಣಿ) ಕೂರಿಸಿ, ರೀಲ್ಸಿಗೆ ಅದು ಸಾಕು.