‘ಅಟ್ರಿಷನ್’ ಎಂದರೆ ಸವೆಯುವುದೋ, ಸವೆಸುವುದೋ?

ಪ್ರಶ್ನೆ

ಸಂಸ್ಥೆಯೊಂದರ ಸುತ್ತೋಲೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಮುಂದಿನ ಎರಡು ವರ್ಷಗಳಲ್ಲಿ ಸಿಬ್ಬಂದಿಯ ಸಂಖ್ಯೆಯನ್ನು ‘ಅಟ್ರಿಷನ್ ಮೂಲಕ’ ಇಳಿಸಲಾಗುವುದು ಎಂಬ ಮಾತಿದೆ. ನಿಘಂಟಿನಲ್ಲಿ ಈ ಪದಕ್ಕೆ ಸವೆತ, ತಿಕ್ಕಾಟ, ಘರ್ಷಣೆ ಎಂಬ ಅರ್ಥಗಳಿವೆ. ‘ತಿಕ್ಕಾಟದ ಮೂಲಕ ಸಿಬ್ಬಂದಿ ಇಳಿಕೆ’ ಎಂದು ಬರೆದರೆ ಕಚೇರಿಯಲ್ಲಿ ಹೊಡೆದಾಟ ನಡೆಯಲಿದೆ ಎಂದು ಓದುಗರು ತಿಳಿದಾರು. ಇದೇ ಪದವನ್ನು ಯುದ್ಧದ ವರದಿಗಳಲ್ಲಿ, ಹಲ್ಲಿನ ವೈದ್ಯರ ಚೀಟಿಯಲ್ಲಿ ಮತ್ತು ಭೂಗೋಳದ ಪಠ್ಯದಲ್ಲಿಯೂ ನೋಡಿದ್ದೇನೆ. ಇಷ್ಟು ಕಡೆ ಸಲ್ಲುವ ಈ ಪದಕ್ಕೆ ನಿತ್ಯದ ಇಂಗ್ಲಿಷಿನಲ್ಲಿ ನಿಜವಾಗಿ ಯಾವ ಅರ್ಥವಿದೆ? ಸುತ್ತೋಲೆಯ ವಾಕ್ಯವನ್ನು ಹೇಗೆ ಬರೆಯಲಿ?

ಉತ್ತರ 1

ಸಿಬ್ಬಂದಿ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಸುತ್ತೋಲೆಯ ಮಾತನ್ನಷ್ಟೇ ಮೊದಲು ಬಿಡಿಸುತ್ತೇನೆ. ‘ಅಟ್ರಿಷನ್ ಮೂಲಕ’ ಸಂಖ್ಯೆ ಇಳಿಸುವುದೆಂದರೆ ಯಾರನ್ನೂ ಕೆಲಸದಿಂದ ತೆಗೆಯದೆ, ನಿವೃತ್ತಿಯಿಂದಲೋ ರಾಜೀನಾಮೆಯಿಂದಲೋ ಮರಣದಿಂದಲೋ ತೆರವಾದ ಹುದ್ದೆಗಳನ್ನು ಮತ್ತೆ ತುಂಬದೆ ಬಿಡುವುದು. ಬ್ರಿಟಿಷ್ ಇಂಗ್ಲಿಷಿನಲ್ಲಿ ಇದಕ್ಕೆ ‘ನ್ಯಾಚುರಲ್ ವೇಸ್ಟೇಜ್’ ಎಂಬ ಮಾತೂ ಇದೆ. ಆದ್ದರಿಂದ ಇಲ್ಲಿ ‘ಕಡಿತ’ ಎಂಬ ಪದವನ್ನು ಬಳಸಬೇಡಿ, ಏಕೆಂದರೆ ಕಡಿತವಲ್ಲ ಎಂದು ತೋರಿಸುವುದಕ್ಕಾಗಿಯೇ ಸಂಸ್ಥೆಗಳು ಈ ಪದವನ್ನು ಆರಿಸಿಕೊಳ್ಳುತ್ತವೆ.

ತೊಡಕು ಬರುವುದು ‘ಅಟ್ರಿಷನ್ ರೇಟ್’ ಎಂದಾಗ. ಅಲ್ಲಿ ಹುದ್ದೆ ಮತ್ತೆ ಭರ್ತಿಯಾಯಿತೇ ಇಲ್ಲವೇ ಎಂಬುದನ್ನು ಅನೇಕರು ನೋಡುವುದೇ ಇಲ್ಲ. ಒಂದು ಅವಧಿಯಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ಸಿಬ್ಬಂದಿಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ವರ್ಷದ ಆರಂಭದಲ್ಲಿ 200 ಮಂದಿ, ಕೊನೆಯಲ್ಲಿ 180 ಮಂದಿ ಇದ್ದು, ನಡುವೆ 38 ಮಂದಿ ಬಿಟ್ಟುಹೋಗಿ 18 ಮಂದಿ ಹೊಸದಾಗಿ ಸೇರಿದ್ದರೆ, ಸರಾಸರಿ 190 ಆಗುತ್ತದೆ, ದರ ಶೇ. 20 ಆಗುತ್ತದೆ. ಪಟ್ಟು ಹಿಡಿದು ಹೇಳುವವರ ಪ್ರಕಾರ ಇದು ‘ಟರ್ನೋವರ್’ ಮಾತ್ರ, ಅಂದರೆ ಹಳಬರು ಹೋಗಿ ಅವರ ಜಾಗಕ್ಕೆ ಹೊಸಬರು ಬರುವುದು, ಅಟ್ರಿಷನ್ ಅಲ್ಲ. ಬಳಕೆಯಲ್ಲಿ ಆ ಗೆರೆ ಬಹುಮಟ್ಟಿಗೆ ಅಳಿಸಿಹೋಗಿದೆ. ಕೆಲವರು ತೆಗೆದುಹಾಕಿದವರನ್ನೂ ಇದೇ ಲೆಕ್ಕಕ್ಕೆ ಸೇರಿಸಿ, ‘ಸ್ವಇಚ್ಛೆಯ’ ಮತ್ತು ‘ಇಚ್ಛೆಯಿಲ್ಲದ’ ಎಂದು ಎರಡು ಬಗೆ ಮಾಡುತ್ತಾರೆ. ಹಾಗಾಗಿ ಶೇಕಡಾವಾರು ಅಂಕಿಯೊಂದನ್ನು ಕಂಡರೆ, ಅದರಲ್ಲಿ ಯಾರನ್ನು ಎಣಿಸಿದ್ದಾರೆ ಎಂದು ವಿಚಾರಿಸದೆ ಅನುವಾದಿಸಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಒಂದೇ ಪದ ಇಷ್ಟು ಕಡೆ ಹೇಗೆ ಹಬ್ಬಿತು ಎಂಬುದಕ್ಕೆ ಉತ್ತರ ಪದದ ಮೂಲದಲ್ಲಿದೆ. ಲ್ಯಾಟಿನ್ನಿನಲ್ಲಿ ‘ತೆರೆರೆ’ ಎಂದರೆ ಉಜ್ಜು, ತೇಯು. ಸವೆದ ಕಲ್ಲುಮಣ್ಣಿನ ಉಳಿಕೆಗೆ ಹೇಳುವ ‘ಡೆಟ್ರೈಟಸ್’, ಬಳಸಿ ಬಳಸಿ ಹಳಸಿದ ಮಾತಿಗೆ ಹೇಳುವ ‘ಟ್ರೈಟ್’ ಅದೇ ಧಾತುವಿನಿಂದ ಬಂದವು. ಕನ್ನಡವೂ ಅಂಥ ಮಾತನ್ನು ‘ಸವಕಲು ಮಾತು’ ಎಂದೇ ಕರೆಯುತ್ತದೆ. ಎರಡು ಭಾಷೆಗಳೂ ಒಂದನ್ನೊಂದು ಕೇಳದೆ ಒಂದೇ ರೂಪಕಕ್ಕೆ ಬಂದಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಇಂಗ್ಲಿಷಿನಲ್ಲಿ ಈ ಪದ ಮೊದಲು ಕಾಣಿಸಿಕೊಂಡದ್ದು ಕ್ರೈಸ್ತ ಧರ್ಮಶಾಸ್ತ್ರದಲ್ಲಿ. ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ಪಶ್ಚಾತ್ತಾಪ ‘ಕಂಟ್ರಿಷನ್’, ಶಿಕ್ಷೆಯ ಭಯದಿಂದ ಹುಟ್ಟುವ ಅಪೂರ್ಣ ಪಶ್ಚಾತ್ತಾಪ ‘ಅಟ್ರಿಷನ್’. 1551ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆಯೂ ಈ ಭೇದವನ್ನು ಎತ್ತಿ ಹೇಳಿತು. ಈಗ ಆ ಅರ್ಥ ಧರ್ಮಶಾಸ್ತ್ರದ ಹೊರಗೆ ಉಳಿದಿಲ್ಲ.

ನಿಮಗೆ ಬೇಕಾದ ಭೇದ ಬೇರೆಯದು. ಕನ್ನಡದಲ್ಲಿ ‘ಸವೆ’ ಬೇರೆ, ‘ಸವೆಸು’ ಬೇರೆ. ಇಂಗ್ಲಿಷಿನ ನಾಮಪದ ಇವೆರಡನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡಿದೆ. ‘ವಾರ್ ಆಫ್ ಅಟ್ರಿಷನ್’ ಎಂದಾಗ ಒಬ್ಬನು ಇನ್ನೊಬ್ಬನನ್ನು ಬೇಕೆಂದೇ ಸವೆಸುತ್ತಾನೆ. ಮೊದಲ ಮಹಾಯುದ್ಧದಲ್ಲಿ, 1916ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಜರ್ಮನಿ ಮತ್ತು ಫ್ರಾನ್ಸ್ ನಡುವೆ ನಡೆದ ವರ್ಡನ್ ಕದನವನ್ನು ಇದಕ್ಕೆ ಮಾದರಿಯಾಗಿ ತೋರಿಸುತ್ತಾರೆ. 1969-70ರಲ್ಲಿ ಸುಯೆಜ್ ಕಾಲುವೆಯ ಆಚೀಚೆ ಈಜಿಪ್ಟ್ ಮತ್ತು ಇಸ್ರೇಲ್ ನಡೆಸಿದ ಕಾಳಗಕ್ಕಂತೂ ಇದೇ ಹೆಸರು. ಮುಗಿಯದ ವ್ಯಾಜ್ಯಕ್ಕೆ, ಮನೆಯೊಳಗಿನ ಹಟಕ್ಕೆ ಇಂಗ್ಲಿಷಿನವರು ಈ ನುಡಿಗಟ್ಟನ್ನು ಬಳಸುವಾಗಲೂ ಅರ್ಥ ‘ಸವೆಸುವುದು’ ಎಂದೇ. ಆದರೆ ಪರದೇಶದಲ್ಲಿ ನೆಲೆಸಿದವನ ನಾಲಗೆಯಿಂದ ತಾಯ್ನುಡಿ ಮೆಲ್ಲನೆ ಜಾರುವುದನ್ನು ಭಾಷಾವಿಜ್ಞಾನಿಗಳು ‘ಲ್ಯಾಂಗ್ವೇಜ್ ಅಟ್ರಿಷನ್’ ಎನ್ನುವಾಗ ಸವೆಸುವವರು ಯಾರೂ ಇಲ್ಲ, ಅದು ತಾನಾಗಿ ಸವೆಯುತ್ತದೆ. ಔಷಧ ಪರೀಕ್ಷೆಯ ನಡುವೆ ಭಾಗವಹಿಸಿದವರು ಒಬ್ಬೊಬ್ಬರಾಗಿ ಬಿಟ್ಟುಹೋಗುವುದಕ್ಕೂ, ವಿದ್ಯಾರ್ಥಿಗಳು ಕೋರ್ಸನ್ನು ಅರ್ಧದಲ್ಲಿ ಬಿಡುವುದಕ್ಕೂ ಇದೇ ಮಾತು ಹೊಂದುತ್ತದೆ. ಸುತ್ತೋಲೆಯ ಬಳಕೆ ಇವೆರಡರ ನಡುವೆ ನಿಂತ ಮೂರನೆಯದು: ಸವೆಯಲು ಬಿಡುವುದು. ಅಲ್ಲಿ ತೀರ್ಮಾನ ಮಾಡಿದವರಿದ್ದಾರೆ, ಆದರೆ ಪದ ಅವರನ್ನು ಕಾಣಗೊಡುವುದಿಲ್ಲ.

ಉತ್ತರ 3

ಹಲ್ಲು ಮತ್ತು ಕಲ್ಲಿನ ವಿಷಯಕ್ಕೆ ಸಣ್ಣ ಸೇರ್ಪಡೆ. ಅಲ್ಲಿ ಬರಿಯ ‘ಸವೆತ’ ಎಂದರೆ ಸಾಲದು. ಹಲ್ಲಿಗೆ ಹಲ್ಲು ಉಜ್ಜಿ ಸವೆದರೆ ಮಾತ್ರ ಅಟ್ರಿಷನ್. ಬ್ರಷ್ಷಿನಿಂದ ಸವೆದರೆ ‘ಅಬ್ರೇಷನ್’, ಆಮ್ಲದಿಂದ ಕರಗಿದರೆ ‘ಇರೋಷನ್’. ನದಿಯಲ್ಲಿಯೂ ಹಾಗೆಯೇ: ಹರಿವಿನಲ್ಲಿ ಕಲ್ಲುಗಳು ಒಂದಕ್ಕೊಂದು ತಾಗಿ ದುಂಡಗಾದರೆ ಅಟ್ರಿಷನ್, ಅವೇ ಕಲ್ಲುಗಳು ನದಿಯ ತಳವನ್ನು ಕೆರೆದರೆ ಅಬ್ರೇಷನ್. ಈ ಎರಡು ಕ್ಷೇತ್ರಗಳಲ್ಲಿ ‘ಪರಸ್ಪರ ಸವೆತ’ ಎಂದರೆ ಚೆನ್ನಾಗಿ ಹೊಂದುತ್ತದೆ.

ಉತ್ತರ 4

‘ನಿತ್ಯದ ಇಂಗ್ಲಿಷ್’ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಆ ನುಡಿಯವರು ಮಾತಿಗೆ ಕುಳಿತಾಗ ಈ ಪದವನ್ನು ಹೆಚ್ಚಾಗಿ ಎತ್ತುವುದಿಲ್ಲ. ಜನ ಬಿಟ್ಟುಹೋಗುತ್ತಿದ್ದಾರೆ ಎಂದೋ, ನನ್ನನ್ನು ಸುಸ್ತು ಮಾಡಿಬಿಟ್ಟರು ಎಂದೋ ಸರಳವಾಗಿ ಹೇಳುತ್ತಾರೆ. ಪದ ಉಳಿದಿರುವುದು ಮೇಲೆ ಬಂದಂಥ ನಾಲ್ಕಾರು ನುಡಿಗಟ್ಟುಗಳಲ್ಲಿ. ಇದಕ್ಕೆ ಮನೆಮಾತಿನ ಕ್ರಿಯಾಪದವೂ ಇಲ್ಲ. ಅಮೆರಿಕದ ಸೈನಿಕ ಪರಿಭಾಷೆಯಲ್ಲಿ ಬರುವ ‘ಅಟ್ರಿಟ್’ ಎಂಬ ರೂಪವನ್ನು ಕೇಳಿ ಮುಖ ಕಿವಿಚುವವರೇ ಹೆಚ್ಚು. ಕಚೇರಿಯ ಭಾಷೆ ಎಂದು ತಿಳಿದು ಅನುವಾದಿಸಿದರೆ ದಾರಿ ಸುಲಭವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಸವೆಯಲು ಬಿಡುವುದು’ ಎಂಬ ಮಾತು ಗಂಟನ್ನು ಬಿಚ್ಚಿತು, ಆದರೂ ಮನುಷ್ಯರ ವಿಷಯದಲ್ಲಿ ‘ಸವೆತ’ ಎಂದು ಬರೆಯಲು ಕೈ ಬರಲಿಲ್ಲ. ವಾಕ್ಯವನ್ನು ಹೀಗೆ ಬರೆದಿದ್ದೇನೆ: ‘ಯಾರನ್ನೂ ಕೆಲಸದಿಂದ ತೆಗೆಯದೆ, ಮುಂದಿನ ಎರಡು ವರ್ಷಗಳಲ್ಲಿ ತೆರವಾಗುವ ಹುದ್ದೆಗಳನ್ನು ಭರ್ತಿ ಮಾಡದಿರುವ ಮೂಲಕ ಸಿಬ್ಬಂದಿಯ ಸಂಖ್ಯೆಯನ್ನು ಇಳಿಸಲಾಗುವುದು.’

ಉತ್ತರ 1 ಬರೆದವರಿಂದ

ವಾಕ್ಯ ಚೆನ್ನಾಗಿದೆ, ಆದರೆ ‘ಯಾರನ್ನೂ ಕೆಲಸದಿಂದ ತೆಗೆಯದೆ’ ಎಂಬ ಭರವಸೆ ಮೂಲದಲ್ಲಿ ಅಕ್ಷರಶಃ ಇದೆಯೇ ನೋಡಿ. ಆ ಪದ ಅದನ್ನು ಸೂಚಿಸುತ್ತದೆ, ಮಾತು ಕೊಡುವುದಿಲ್ಲ. ಮೂಲದಲ್ಲಿ ಇಲ್ಲದಿದ್ದರೆ ಆ ಮೂರು ಪದಗಳನ್ನು ತೆಗೆದುಬಿಡಿ, ‘ತೆರವಾಗುವ ಹುದ್ದೆಗಳನ್ನು ಭರ್ತಿ ಮಾಡದಿರುವ ಮೂಲಕ’ ಎಂಬುದಷ್ಟೇ ಸಾಕು.