ಅಪ್‌ಡೇಟ್: ಅವ್ವನ ಕಣ್ಣಿನ ಹೊಗೆ ಕರಗಿತು

ಹೋದ ತಿಂಗಳು ಕೇಳಿದ್ದೆ: ಕಲಬುರಗಿಯಲ್ಲಿ ಅವ್ವನಿಗೆ ಪೊರೆಯ ಆಪರೇಷನ್ ಆಯ್ತು, ಮರುದಿನ ಪಟ್ಟಿ ಬಿಚ್ಚಿದರೆ ಎಲ್ಲ ಹೊಗೆ ಹೊಗೆ, ಆಪರೇಷನ್ ಹೊತ್ತಲ್ಲಿ ಕಣ್ಣೊಳಗೆ ಬಿಟ್ಟ ನೀರಿನಿಂದ ಕಾರ್ನಿಯಾ (ಕಣ್ಣಿನ ಮುಂಭಾಗದ ಗಾಜಿನಂಥ ತಿಳಿ ಪದರ) ಹಾಳಾಯ್ತಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಶರಣು.

ಮತ್ತೆ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಒಂದು ಪದರ ಜೀವಕೋಶಗಳಿವೆ. ಕಾರ್ನಿಯಾಕ್ಕೆ ಇಳಿಯುವ ನೀರನ್ನು ಪಂಪಿನ ಹಾಗೆ ಹೊರಹಾಕಿ ಅದನ್ನು ತಿಳಿಯಾಗಿಡುವುದು ಅವೇ. ಸತ್ತರೆ ಅವು ಮತ್ತೆ ಹುಟ್ಟಲ್ಲ. ಇದನ್ನು ಕೇಳಿ ನನಗೆ ಎದೆ ಝಲ್ಲೆಂದಿತು.

ಅವ್ವನ ಕಣ್ಣೊಳಗೆ ಬಿಟ್ಟ ನೀರು ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣ. ಬೇಗ ಮುಗಿಯುವ ಆಪರೇಷನ್‌ಗೆ ಅದು ಸಾಕಾಗುತ್ತದೆ. ಹೊತ್ತು ಜಾಸ್ತಿ ಹಿಡಿದರೆ ಗ್ಲುಟಾಥಯೋನ್ (ಕೋಶಗಳನ್ನು ಕಾಯುವ ವಸ್ತು) ಸೇರಿಸಿದ ಬಿಎಸ್‌ಎಸ್ ಎಂಬ ಇನ್ನೊಂದು ಲವಣ ದ್ರಾವಣ ಆ ಕೋಶಗಳಿಗೆ ಹಿತ. ಆದರೆ ನೀರೊಂದನ್ನೇ ದೂರುವಂತಿಲ್ಲ. ಅವ್ವನ ಪೊರೆ ಬಲಿತು ಗಟ್ಟಿಯಾಗಿತ್ತು, ಒಡೆಯಲು ಅಲ್ಟ್ರಾಸೌಂಡ್ ಹೆಚ್ಚು ಬೇಕಾಯ್ತು. ಅದರ ಪೆಟ್ಟೂ ಬಿದ್ದಿದೆ.

ಸ್ಟೀರಾಯ್ಡ್ ಹನಿ, ಜೊತೆಗೆ 5% ಉಪ್ಪಿನ ಹನಿ ಕೊಟ್ಟರು. ಉಪ್ಪು ಊತದ ನೀರನ್ನು ಎಳೆಯುತ್ತದೆ, ಸ್ವಲ್ಪ ಉರಿಯುತ್ತದೆ. ಬೆಳಿಗ್ಗೆ ಮಂಜು ಜಾಸ್ತಿ, ಮಧ್ಯಾಹ್ನಕ್ಕೆ ಕಡಿಮೆ. ರಾತ್ರಿಯಿಡೀ ರೆಪ್ಪೆ ಮುಚ್ಚಿರುವುದರಿಂದ ನೀರು ಆರುವುದಿಲ್ಲ, ಅದಕ್ಕೇ ಹಾಗೆ.

ನಿನ್ನೆ ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಕೂತು ತೊಗರಿಬೇಳೆಯಲ್ಲಿನ ಸಣ್ಣ ಹರಳನ್ನು ತಾನೇ ಆರಿಸಿದಳು. ನಾನು ಸುಮ್ನೆ ನೋಡುತ್ತಾ ನಿಂತೆ.

ಇನ್ನೊಂದು ಕಣ್ಣಿಗೆ ಮೊದಲು ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಆ ಒಳಪದರದ ಕೋಶ ಎಣಿಸಿ, ಆಮೇಲೆ ದಿನ ಗೊತ್ತು ಮಾಡುತ್ತೇವೆ.