ಸಾಕುನಾಯಿಯ ದಹನ: ಬೆಂಗಳೂರಿನಲ್ಲಿ ಖರ್ಚಿನ ಲೆಕ್ಕ ಹೇಗೆ?

ಪ್ರಶ್ನೆ: ರಾಣಿಯ ಅಮ್ಮ

ನಮ್ಮ ಲ್ಯಾಬ್ರಡಾರ್ ರಾಣಿಗೆ 13 ವರ್ಷ ತುಂಬಿದೆ. ಎರಡೂ ಮೂತ್ರಪಿಂಡಗಳು ಸೋತಿವೆ, ಇನ್ನು ಕೆಲವೇ ವಾರ ಎಂದು ವೈದ್ಯರು ಹೇಳಿದ್ದಾರೆ. ಅವಳು ಕಣ್ಣೆದುರಿಗೇ ಮಲಗಿರುವಾಗ ಇದನ್ನು ಕೇಳಲು ಮನಸ್ಸು ಹಿಂಜರಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಚೌಕಾಸಿಗೆ ನಿಲ್ಲುವುದು ನನ್ನಿಂದಾಗದು. ನಾವಿರುವುದು ವಿಜಯನಗರದ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ, ಹೂಳಲು ಸ್ವಂತ ನೆಲವಿಲ್ಲ. ಎರಡು ಕಡೆ ಫೋನ್ ಮಾಡಿದೆ. ಒಬ್ಬರು 3,000 ರೂಪಾಯಿ ಎಂದರು, ಇನ್ನೊಬ್ಬರು 9,000 ಎಂದರು. ಅದೇ ನಾಯಿ, ಅದೇ ಬೆಂಕಿ. ಮೂರು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೇ ಮನೆ ಬ್ರೂನೋ

ಮೇಡಂ, ಕಳೆದ ವರ್ಷ ನಾವು ಇದೇ ದಾರಿಯಲ್ಲಿ ನಡೆದವರು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಬಿಲ್ಲನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಫೋನಿನಲ್ಲಿ 5,500 ಎಂದಿದ್ದರು, ಕೈಗೆ ಬಂದದ್ದು 8,900ರ ಬಿಲ್ಲು. 5,500 ಎನ್ನುವುದು 20 ಕೆ.ಜಿ.ವರೆಗಿನ ದರವಂತೆ. ಬ್ರೂನೋ 32 ಕೆ.ಜಿ. ಇದ್ದ, ಹಾಗಾಗಿ ಹೆಚ್ಚಿನ 12 ಕೆ.ಜಿ.ಗೆ ತಲಾ 100ರಂತೆ 1,200 ಸೇರಿತು. ರಾತ್ರಿ ಹನ್ನೊಂದಕ್ಕೆ ವಾಹನ ಕರೆಸಿದ್ದಕ್ಕೆ 1,500, ಬೂದಿ ತುಂಬಿಕೊಟ್ಟ ಮಣ್ಣಿನ ಕುಡಿಕೆಗೆ 700. ಕುಡಿಕೆಯನ್ನು ನಾವು ಕೇಳಿಯೇ ಇರಲಿಲ್ಲ. ಸಂತೆಯಲ್ಲಿ ಅದಕ್ಕೆ ಇಷ್ಟು ಕೊಡುವವರು ಯಾರೂ ಇಲ್ಲ, ಆದರೆ ಆ ರಾತ್ರಿ ಯಾರು ಕೇಳುತ್ತಾರೆ? ನೀವು ಈಗಲೇ ತೂಕ ಹೇಳಿ, ಸಾಗಣೆ, ರಾತ್ರಿ ಶುಲ್ಕ, ತೆರಿಗೆ ಎಲ್ಲ ಸೇರಿದ ಮೊತ್ತವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಉತ್ತರ 2: ನಿವೃತ್ತ ಪಶುವೈದ್ಯ

ನಿಮಗೆ ಬಂದ ಎರಡು ದರಗಳು ಬಹುಶಃ ಎರಡು ಬೇರೆ ಕೆಲಸಗಳಿಗೆ ಸೇರಿದವು. ಸಾಮೂಹಿಕ ದಹನದಲ್ಲಿ ಹಲವು ಪ್ರಾಣಿಗಳನ್ನು ಒಟ್ಟಿಗೆ ಸುಡುತ್ತಾರೆ, ಬೂದಿ ಮರಳಿ ಸಿಗುವುದಿಲ್ಲ. ಪ್ರತ್ಯೇಕ ದಹನದಲ್ಲಿ ಕುಲುಮೆಯೊಳಗೆ ಒಂದೇ ದೇಹ ಇರಬೇಕು. ಖರ್ಚಿನ ಮೂಲ ಇರುವುದೇ ಇಲ್ಲಿ: ಕುಲುಮೆಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಬೇಕು, ರಾಣಿಯಷ್ಟು ದೊಡ್ಡ ನಾಯಿಗೆ ಒಂದೂವರೆ ಎರಡು ಗಂಟೆ ಬೇಕು, ಆಮೇಲೆ ಅದು ಆರುವ ತನಕ ಕಾಯಬೇಕು. ಆ ಇಂಧನವನ್ನೂ ಸಮಯವನ್ನೂ ಒಬ್ಬರೇ ಭರಿಸುವುದರಿಂದ ದರ ಏರುತ್ತದೆ.

ಆದರೆ 'ಪ್ರತ್ಯೇಕ' ಎಂಬ ಪದವನ್ನು ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಒಂದೇ ಕುಲುಮೆಯಲ್ಲಿ ಎರಡು ಮೂರು ದೇಹಗಳನ್ನು ಅಂತರವಿಟ್ಟು ಮಲಗಿಸಿ, ಬೂದಿಯನ್ನು ಬೇರೆಬೇರೆಯಾಗಿ ಗೋರಿ ಕೊಡುವ ಪದ್ಧತಿಯೂ ಇದೆ, ಅದರಲ್ಲಿ ಅಷ್ಟಿಷ್ಟು ಬೆರೆಯುವುದು ತಪ್ಪದು. ಆದ್ದರಿಂದ 'ಒಳಗೆ ನಮ್ಮ ನಾಯಿ ಒಂದೇ ಇರುತ್ತದೆಯೇ, ನಾವು ನಿಂತು ನೋಡಬಹುದೇ' ಎಂದು ಕೇಳಿ. ಬೂದಿ ದೇಹದ ತೂಕದ ನೂರಕ್ಕೆ ಮೂರು ನಾಲ್ಕು ಭಾಗದಷ್ಟು ಬರುತ್ತದೆ, 30 ಕೆ.ಜಿ. ನಾಯಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಒಂದು ಹಿಡಿ ಮಾತ್ರ ಕೊಟ್ಟರೆ ಉಳಿದದ್ದು ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತು. ಪ್ರಾಣ ಹೋದ ಎರಡು ಮೂರು ಗಂಟೆಗಳಲ್ಲಿ ದೇಹ ಸೆಟೆಯತೊಡಗುತ್ತದೆ. ಅದಕ್ಕೆ ಮೊದಲೇ ಕಾಲುಗಳನ್ನು ಮಲಗಿದ ಭಂಗಿಯಲ್ಲಿ ಮೆಲ್ಲಗೆ ಮಡಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಹತ್ತಿಯ ಬೆಡ್‌ಶೀಟ್ ಸುತ್ತಿ, ಹೊಟ್ಟೆಯ ಬದಿಗೆ ಐಸ್ ಪೊಟ್ಟಣ ಇಡಿ. ಹೀಗೆ ಮಾಡಿದರೆ ಬೆಳಗಿನವರೆಗೆ ಕಾಯಬಹುದು, ರಾತ್ರಿ ಶುಲ್ಕವೂ ಉಳಿಯುತ್ತದೆ. ಒಲೆಗೆ ಕೊಡುವ ಮುನ್ನ ಪ್ಲಾಸ್ಟಿಕ್, ಬೆಲ್ಟು, ರಬ್ಬರ್ ಆಟಿಕೆ ತೆಗೆದಿಡಿ. ಊರಿನ ತೋಟದಲ್ಲಿ ಹೂಳುವ ಯೋಚನೆ ಬಂದರೆ, ದಯಾಮರಣದ ಚುಚ್ಚುಮದ್ದು ಕೊಡಿಸಿದ್ದ ಪಕ್ಷದಲ್ಲಿ ಗುಂಡಿ ಆಳವಾಗಿರಲಿ. ಆ ಮದ್ದು ದೇಹದಲ್ಲಿ ಉಳಿದು, ಅಗೆದು ತಿಂದ ನಾಯಿ ನರಿಗಳನ್ನೂ ಕೊಲ್ಲಬಲ್ಲದು.

ಉತ್ತರ 3: ಮೂರು ಬೆಕ್ಕಿನ ಮನೆ

ವಿಜಯನಗರದಿಂದ ಹತ್ತಿರವೆಂದರೆ ಸುಮನಹಳ್ಳಿಯಲ್ಲಿರುವ ಪಾಲಿಕೆಯ ಪ್ರಾಣಿ ಚಿತಾಗಾರ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯನ್ನೂ ವಿಚಾರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಇಂಟರ್ನೆಟ್ಟಿನ ಹಳೆಯ ಫೋನ್ ನಂಬರ್ ನಂಬಿ ಹೊರಡಬೇಡಿ, ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ನಮ್ಮ ಬೆಕ್ಕಿಗೆ ನಾವು ಸಾಮೂಹಿಕ ದಹನವನ್ನೇ ಆರಿಸಿದೆವು. ಬೂದಿ ಇಟ್ಟುಕೊಳ್ಳುವುದು ನಮಗೆ ಬೇಕಿರಲಿಲ್ಲ, ಅದರಿಂದ ಪ್ರೀತಿ ಕಡಿಮೆಯಾಯಿತು ಎಂದೂ ಅನ್ನಿಸಲಿಲ್ಲ.

ರಾಣಿಯ ಅಮ್ಮ

ಎಲ್ಲರಿಗೂ ಧನ್ಯವಾದಗಳು. ಡಾಕ್ಟರ್ ಹೇಳಿದಂತೆ ಕೇಳಿದೆ ಸರ್: 3,000 ಸಾಮೂಹಿಕ ದಹನದ್ದು, 9,000ದಲ್ಲಿ ಸಾಗಣೆ, ಬೂದಿ ಎರಡೂ ಸೇರಿವೆ. ತೂಕ ಕೇಳಿದರು. ಅವಳನ್ನು ಎತ್ತಿಕೊಂಡು ಯಜಮಾನರು ತಕ್ಕಡಿಯ ಮೇಲೆ ನಿಂತರು, ಅವರದನ್ನು ಕಳೆದರೆ 24 ಕೆ.ಜಿ. ಹೋದ ದೀಪಾವಳಿಗೆ 31 ಇದ್ದಳು.